ಸೈಕಲ್ ಜೊತೆ ಶ್ರೀಲಂಕಾಕ್ಕೆ: ತಯಾರಿ ದೇವಿಮನೆ ಘಟ್ಟದಿಂದಲೇ

ಕುಮಟಾ, ಶಿರಸಿ, ಕಾರವಾರದ ಸೈಕಲ್ ಗೆಳೆಯರು ಆಗಾಗ ಕೇಳುವ ಪ್ರಶ್ನೆ ಒಂದಿದೆ: ಒಂದು ವಾರದ ರಜೆಯಲ್ಲಿ ಹೊರದೇಶದ ರಸ್ತೆ ತುಳಿದು ಬರಲು ಆದೀತೇ? ಖಂಡಿತ ಆಗುತ್ತದೆ. ಮೊದಲ ಸಲಕ್ಕೆ ನಾನು ಹೇಳುವುದು ಶ್ರೀಲಂಕಾ. ಅಲ್ಲೂ ವಾಹನಗಳು ಎಡಬದಿಗೇ ಓಡುತ್ತವೆ, ವಿಮಾನ ಪ್ರಯಾಣ ಚಿಕ್ಕದು, ಘಟ್ಟದ ತಿರುವುಗಳೋ ನಮಗೆ ಹುಟ್ಟಿದಂದಿನಿಂದ ಗೊತ್ತು.

ಟಿಕೆಟ್‌ಗಿಂತ ಮೊದಲು ತಿಂಗಳು ಗೊತ್ತುಮಾಡಿ. ನಮ್ಮನ್ನು ತೋಯಿಸುವ ನೈಋತ್ಯ ಮುಂಗಾರೇ ಮೇಯಿಂದ ಸೆಪ್ಟೆಂಬರ್‌ವರೆಗೆ ಆ ದ್ವೀಪದ ಪಶ್ಚಿಮ ಕರಾವಳಿಯನ್ನೂ ಬೆಟ್ಟಸೀಮೆಯನ್ನೂ ಹಿಡಿಯುತ್ತದೆ. ಬೆಟ್ಟದ ಕಡೆ ಹೋಗುವುದಾದರೆ ಫೆಬ್ರವರಿ ಕೊನೆ, ಮಾರ್ಚ್ ಒಳ್ಳೆಯದು. ಮಳೆಯಲ್ಲಿ ಅಲ್ಲಿಯೂ ಗುಡ್ಡ ಕುಸಿಯುತ್ತದೆ. 2024ರ ಜುಲೈಯಲ್ಲಿ ಶಿರೂರು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಡುವ ವಾರ ರಸ್ತೆ ತೆರೆದಿದೆಯೇ ಎಂದು ಉಳಿದುಕೊಳ್ಳುವ ಮನೆಯವರನ್ನೇ ವಿಚಾರಿಸಿ.

ಈಗ ದಾರಿ. ಹೆಚ್ಚಿನವರು ಎಡವುವುದು ಇಲ್ಲೇ, ದಿನಕ್ಕೆ ನೂರು ಕಿಲೋಮೀಟರ್ ಎಂದು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ದೂರ ಬಿಡಿ, ಏರು ಲೆಕ್ಕ ಹಾಕಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟಿದರೆ ಸುಮಾರು 60 ಕಿ.ಮೀ., ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸಿಗೆ ಬಂದಿರುತ್ತೀರಿ. ಶ್ರೀಲಂಕಾದಲ್ಲಿ ನಾವು ತುಳಿಯಲು ಶುರುಮಾಡುವ ಕ್ಯಾಂಡಿ ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ, ಹತ್ತಿ ಮುಟ್ಟಬೇಕಾದ ಬೆಟ್ಟದೂರು ನುವಾರ ಎಲಿಯಾ 1,868 ಮೀಟರ್. ನಡುವಿನ ದಾರಿ 80 ಕಿ.ಮೀ. ಒಳಗೇ ಇದ್ದರೂ ದೇವಿಮನೆಯನ್ನು ಎರಡು ಸಲಕ್ಕಿಂತ ಹೆಚ್ಚು ಹತ್ತಿದಷ್ಟಾಯಿತು. ಅಕ್ಟೋಬರ್‌ನಿಂದ ಜನವರಿವರೆಗೆ ವಾರಕ್ಕೊಮ್ಮೆ ಘಟ್ಟ ಹತ್ತಿ. ದೇವಿಮನೆಯಲ್ಲಿ ಕಾಮಗಾರಿ ಇದ್ದರೆ ಅಂಕೋಲೆಯವರಿಗೆ ಅರಬೈಲ್ ಇದೆ, ಕಾರವಾರದವರಿಗೆ ಅಣಶಿ. ಮಾತಾಡುತ್ತಾ ಹತ್ತಲು ಸಾಧ್ಯವಾದರೆ ವೇಗ ಸರಿಯಿದೆ ಎಂದರ್ಥ. ಹಿಂದಿನ ಚಕ್ರಕ್ಕೆ 34 ಹಲ್ಲಿನ ದೊಡ್ಡ ಗೇರ್ ಹಾಕಿಸಿ, ಮೊಣಕಾಲು ಉಳಿಯುತ್ತದೆ.

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಲಿ, ಇಟಿಎ ಎಂಬ ಪ್ರವೇಶ ಅನುಮತಿಯನ್ನು ಅಲ್ಲಿನ ಸರ್ಕಾರದ ಜಾಲತಾಣದಲ್ಲೇ ಪಡೆಯಿರಿ, ಸೈಕಲ್ ಸವಾರಿಗೂ ಅನ್ವಯಿಸುವ ಪ್ರವಾಸ ವಿಮೆ ಮಾಡಿಸಿ. ಗೋವಾದಿಂದ ಬೆಂಗಳೂರು ಅಥವಾ ಚೆನ್ನೈ ಮೇಲೆ ಹೋಗುವವರು ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಮಾಡಿಸಿದರೆ ನಡುವೆ ಸೈಕಲ್ ಪೆಟ್ಟಿಗೆ ಹೊರುವ ಕಷ್ಟ ತಪ್ಪೀತು. ದುಬಾರಿ ಸೈಕಲ್ ಆದರೆ ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಮರಳಿ ಬರುವಾಗ ಇದು ನನ್ನದೇ ಹಳೆಯ ಸೈಕಲ್ ಎನ್ನಲು ಅದೇ ಆಧಾರ.

ಸೈಕಲ್ ಕಟ್ಟುವುದಕ್ಕೆ ಒಂದು ಸಂಜೆ ಪೂರ್ತಿ ಇಡಿ. ಅಂಗಡಿಗೆ ಹೊಸ ಸೈಕಲ್ ಬಂದ ರಟ್ಟಿನ ಪೆಟ್ಟಿಗೆ ಕೇಳಿದರೆ ಕೊಡುತ್ತಾರೆ. ಪೆಡಲ್ ಬಿಚ್ಚಿ, ಎಡಗಡೆಯದು ಉಲ್ಟಾ ತಿರುಪು, ನೆನಪಿರಲಿ. ಚಕ್ರದ ಗಾಳಿ ಸ್ವಲ್ಪ ಇಳಿಸಿ. ಡಿಸ್ಕ್ ಬ್ರೇಕ್ ಆದರೆ ಪ್ಯಾಡ್‌ಗಳ ನಡುವೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿ. ಚಕ್ರವಿಲ್ಲದಾಗ ಲಿವರ್ ಒತ್ತಿದರೆ ಪ್ಯಾಡ್ ಅಂಟಿಕೊಳ್ಳುತ್ತದೆ. ಹಿಂದಿನ ಡಿರೈಲರ್, ಅಂದರೆ ಗೇರ್ ಬದಲಿಸಲು ಸರಪಳಿಯನ್ನು ಸರಿಸುವ ಭಾಗ, ಅದನ್ನು ಕಳಚಿ, ಹಳೆಯ ಪಂಚೆಯಲ್ಲಿ ಸುತ್ತಿ ಚೌಕಟ್ಟಿನ ಒಳಗೆ ಕಟ್ಟಿ. ನಾನು ಮೊದಲ ಸಲ ಹಾಗೆ ಮಾಡಲಿಲ್ಲ. ಪೆಟ್ಟಿಗೆ ಮಗ್ಗುಲಾಗಿ ಬಿದ್ದಿರಬೇಕು, ಡಿರೈಲರ್ ತೂಗುವ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಮೊದಲ ಏರಿನಲ್ಲೇ ಸರಪಳಿ ಚಕ್ರದ ಕಡ್ಡಿಗಳ ಮೇಲೆ ಬಿತ್ತು, ಒಂದು ದಿನ ಪೂರ್ತಿ ರಿಪೇರಿಗೆ ಹೋಯಿತು. ಹೆಬ್ಬೆರಳಷ್ಟಗಲದ ಆ ಅಲ್ಯೂಮಿನಿಯಂ ತುಂಡು ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರ, ಬೇರೆ ಊರಲ್ಲಿ ಸಿಗುವುದಿಲ್ಲ. ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳಿ. ಪೆಟ್ಟಿಗೆಯೊಳಗೆ ಆಸರೆಗೆ ಅಡಿಕೆ ಹಾಳೆಯೂ ಬೇಡ, ಹುಲ್ಲೂ ಬೇಡ. ಗಿಡಮರದ ವಸ್ತುಗಳನ್ನು ತಪಾಸಣೆಯಲ್ಲಿ ತಡೆಯಬಹುದು. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು.

ದಿನಗಳನ್ನು ಹೀಗೆ ಹಂಚಬಹುದು. ಕಟುನಾಯಕ ವಿಮಾನ ನಿಲ್ದಾಣದಿಂದ ಕ್ಯಾಂಡಿಗೆ ವ್ಯಾನ್ ಮಾಡಿ, ಆ ಹೆದ್ದಾರಿಯ ದಟ್ಟಣೆಯಲ್ಲಿ ತುಳಿಯುವ ಹಟ ಬೇಡ. ಎಕ್ಸ್‌ಪ್ರೆಸ್‌ವೇಗಳಲ್ಲಂತೂ ಸೈಕಲ್ ನಿಷಿದ್ಧ. ಮರುದಿನ ಸೈಕಲ್ ಜೋಡಿಸಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನೋಡಿ. ನುವಾರ ಎಲಿಯಾ ಏರನ್ನು ಎರಡು ದಿನಕ್ಕೆ ಒಡೆದು, ನಡುವೆ ಪುಸ್ಸೆಲ್ಲಾವ ಅಥವಾ ರಂಬೊಡದಲ್ಲಿ ಉಳಿಯಿರಿ. ರಂಬೊಡದಲ್ಲಿ ಸುರಂಗ ಇರುವುದರಿಂದ ಹಿಂದೆ ಮುಂದೆ ಎರಡೂ ದೀಪ ಬೇಕು. ಮೇಲೆ ಲಬೂಕೆಲಿಯ ಚಹಾ ತೋಟಗಳ ನಡುವೆ ರಸ್ತೆ ಸುತ್ತುತ್ತದೆ, ಅಲ್ಲಿ ಅವಸರ ಮಾಡಬೇಡಿ. ಐದನೆಯ ದಿನ ವಿಶ್ರಾಂತಿ. ರಾತ್ರಿ ನಮ್ಮೂರಲ್ಲಿ ಕಾಣದಂಥ ಚಳಿ, ತೆಳು ಜಾಕೆಟ್ ಇರಲಿ. ಆರನೆಯ ದಿನ ಸೀತಾ ಎಲಿಯಾದ ಸೀತಮ್ಮನ ಗುಡಿ, ವೆಲಿಮಡ, ಬಂಡಾರವೆಲ ದಾಟಿ ಎಲ್ಲ ಎಂಬ ಊರಿಗೆ.

ಬೆಳಿಗ್ಗೆ ಇಂಡಿಯಾಪ್ಪ ತಿನ್ನಿ, ಅದು ನಮ್ಮ ಒತ್ತು ಶಾವಿಗೆಯೇ. ಹೊಟ್ಟೆಗೆ ಹಗುರ, ಕಾಲಿಗೆ ಬಲ. ಬಿದ್ದು ಪೆಟ್ಟಾದರೆ 1990ಕ್ಕೆ ಕರೆ ಮಾಡಿ, ಉಚಿತ ಆಂಬುಲೆನ್ಸ್ ಬರುತ್ತದೆ.

ಕೊನೆಯ ದಿನ ಎಲ್ಲದಿಂದ ವೆಲ್ಲವಾಯಕ್ಕೆ ಇಳಿಜಾರು, ದಾರಿಯಲ್ಲೇ ರಾವಣನ ಹೆಸರಿನ ಜಲಪಾತ. ಗೋಕರ್ಣದ ಕಡೆಯವರು ಅಲ್ಲಿ ನಿಲ್ಲದೆ ಮುಂದೆ ಹೋಗಲಾರರು. ಬ್ರೇಕ್ ಹಿಡಿದೇ ಇಳಿಯಬೇಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ತಿರುವಿನಲ್ಲಿ ಬಿಡಿ. ಕೆಳಗೆ ರಸ್ತೆಬದಿಯಲ್ಲಿ ತಂಬಿಲಿ ಮಾರುತ್ತಿರುತ್ತಾರೆ, ನಮ್ಮ ಕೆಂದಾಳಿಯಂಥದ್ದೇ ಎಳನೀರು. ಅದನ್ನು ಕುಡಿದು, ವಿಮಾನ ನಿಲ್ದಾಣದ ವ್ಯಾನಿಗೆ ಫೋನ್ ಮಾಡಿ.