ಹೊಗೆಯಟ್ಟದ ಮೇಲಿನ ಪೆಟ್ಟಿಗೆ

ಅಪ್ಪಯ್ಯ ತೀರಿಕೊಂಡ ವಾರದೊಳಗೆ ಅವರ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದಿದ್ದೆ. ಅಲ್ಲಿಗೆ ಕೋವಿಯ ಸಂಗತಿ ಮುಗಿಯಿತು ಎಂದುಕೊಂಡೆ. ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸಲು ಏಣಿ ಹತ್ತಿದಾಗ ಹಲಸಿನ ಹಲಗೆಯ ಪೆಟ್ಟಿಗೆಯೊಂದು ಸಿಕ್ಕಿತು. ಇದ್ದದ್ದು ಎಲ್ಲಿ ಅಂದರೆ, ಅಡುಗೆಮನೆಯ ಒಲೆಯ ನೇರ ಮೇಲೆ.

ಮಲೆನಾಡಿನ ಹೊಸನಗರದ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸಲಿಕ್ಕಿಲ್ಲ. ನಮ್ಮಲ್ಲಿ ಮಳೆ ಹಿಡಿದರೆ ಗೋಡೆಗೆ ನೇತುಹಾಕಿದ ಬಟ್ಟೆಗೂ ಬೂಸ್ಟು ಬರುತ್ತದೆ. ಹಾಗಾಗಿ ಬಿತ್ತನೆ ಬೀಜ, ಹಪ್ಪಳ, ಬೆಲ್ಲ ಎಲ್ಲವೂ ಹೊಗೆಯಟ್ಟಕ್ಕೆ ಏರುತ್ತವೆ. ಅದೇ ಲೆಕ್ಕದಲ್ಲಿ ಕೋವಿಯ ಮದ್ದೂ ಏರಿತ್ತು. ನಲವತ್ತು ವರ್ಷ ಅದರ ಕೆಳಗೆ ಅನ್ನ ಬೆಂದಿದೆ. ನೆನೆಸಿಕೊಂಡರೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಪೆಟ್ಟಿಗೆಯಲ್ಲಿ ಎರಡು ತಲೆಮಾರಿನ ಸಾಮಾನಿತ್ತು. ಅಜ್ಜನದು ಕೇಪಿನ (ಏಟಿಗೆ ಸಿಡಿದು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಲೋಹದ ಟೊಪ್ಪಿಯ) ಕೋವಿ. ನಳಿಗೆಯ ಬಾಯಿಂದ ಮದ್ದು, ತೆಂಗಿನ ಕತ್ತ, ಚರೆ (ಸೀಸದ ಸಣ್ಣ ಗುಂಡುಗಳು) ತುಂಬಿ ಗಜದಿಂದ, ಅಂದರೆ ಉದ್ದನೆಯ ಸಲಾಕೆಯಿಂದ, ಜಡಿಯುವಂಥದ್ದು. ಅಪ್ಪಯ್ಯನ ಕಾಲಕ್ಕೆ ಹನ್ನೆರಡು ಬೋರಿನ ಒಂಟಿ ನಳಿಗೆಯ ತೋಟೆ (ಮದ್ದು, ಚರೆ, ಕೇಪು ಮೂರೂ ಒಂದೇ ಕೊಳವೆಯಲ್ಲಿರುವ ಈಡು) ಕೋವಿ ಬಂತು. ಹೀಗಾಗಿ ಒಂದೇ ಪೆಟ್ಟಿಗೆಯಲ್ಲಿ ಕರಿಮದ್ದಿನ ತಗಡಿನ ಡಬ್ಬಿ, ಕೇಪುಗಳ ಪುಟ್ಟ ಡಬ್ಬಿ, ಹಿತ್ತಾಳೆಯ ಖಾಲಿ ತೋಟೆಗಳು, ಹಳೆಯ ಕೇಪು ಕಿತ್ತು ಹೊಸದು ಕೂರಿಸುವ ಕೈಸಾಧನ, ಚರೆಯ ಚೀಲ, ಕಾಗದದ ಹೊದಿಕೆಯ ಇಪ್ಪತ್ತು ತೋಟೆ, ಮತ್ತು ಚೀಟಿಯಿಲ್ಲದ ಒಂದು ಹಾರ್ಲಿಕ್ಸ್ ಬಾಟಲಿ. ಬಾಟಲಿಯಲ್ಲಿ ಕಾಲು ಭಾಗ ಕಪ್ಪು ಕಾಳು.

ಮೊದಲ ಆಸೆಯನ್ನು ಮುಚ್ಚಿಡುವುದಿಲ್ಲ. ಮಂಗ, ಹಂದಿಗಳ ಕಾಟದಲ್ಲಿ ಒಂದು ಈಡಿನ ಸದ್ದಿಗೂ ಬೆಲೆಯಿದೆ. ಲೈಸೆನ್ಸ್ ನನ್ನ ಹೆಸರಿಗೆ ಬಂದ ಮೇಲೆ ಇದೆಲ್ಲ ಉಪಯೋಗಕ್ಕೆ ಬರುತ್ತದೆ, ಅಪ್ಪಯ್ಯ ಜೋಪಾನ ಮಾಡಿದ್ದನ್ನು ಏಕೆ ದಂಡ ಮಾಡಬೇಕು ಎಂದೇ ಯೋಚಿಸಿದೆ. ಚಿಕ್ಕಪ್ಪಯ್ಯ ಬಂದು ಬಾಟಲಿ ನೋಡಿದರು. "ಇದು ಯಾವ ಮದ್ದು ಹೇಳು?" ಎಂದರು. ಕಪ್ಪಗಿದೆ, ಕರಿಮದ್ದೇ ಇರಬೇಕು ಎಂದೆ. "ಕಪ್ಪಗಿರುವುದೆಲ್ಲ ಕರಿಮದ್ದಲ್ಲ ಮಾರಾಯ. ಹಾರದ ತೋಟೆಗಳನ್ನು ಬಿಚ್ಚಿ ನಿನ್ನ ಅಪ್ಪಯ್ಯ ಒಳಗಿನದನ್ನು ಇದಕ್ಕೇ ಸುರಿಯುತ್ತಿದ್ದ. ನಾನೇ ನೋಡಿದ್ದೇನೆ."

ಆ ಒಂದು ಮಾತಿಗೆ ನನ್ನ ಲೆಕ್ಕವೆಲ್ಲ ಬುಡಮೇಲಾಯಿತು. ತೋಟೆಯೊಳಗಿನ ಹೊಗೆರಹಿತ ಮದ್ದು ನೈಟ್ರೋಸೆಲ್ಯುಲೋಸ್‌ನಿಂದ ಆದದ್ದು. ಅದರ ಕಾಳಿಗೆ ಗ್ರಾಫೈಟ್ ಲೇಪ ಇರುವುದರಿಂದ ಅದೂ ಕಪ್ಪಗೆ, ಮಿರುಗುತ್ತಾ ಕಾಣುತ್ತದೆ. ಕರಿಮದ್ದಿನ ಅಳತೆಯಲ್ಲಿ ಅದನ್ನು ಕೇಪಿನ ಕೋವಿಗೆ ತುಂಬಿದರೆ ಒತ್ತಡ ಎಷ್ಟೋ ಪಟ್ಟು ಏರಿ ನಳಿಗೆ ಸೀಳುತ್ತದೆ. ಕೋವಿ ಹಿಡಿದವನ ಎಡಗೈ ಇರುವುದು ಆ ನಳಿಗೆಯ ಕೆಳಗೇ. ತೋಟೆಗೆ ತುಂಬುವ ಮದ್ದಿನಲ್ಲೂ ಬಗೆಬಗೆ ಇದೆ. ಒಂದು ಬಗೆಯ ಅಳತೆ ಇನ್ನೊಂದಕ್ಕೆ ಸಲ್ಲದು. ಎರಡು ಬೆರೆತರಂತೂ ಅಳತೆ ಎಂಬುದೇ ಇಲ್ಲ. ಚೀಟಿಯಿಲ್ಲದ ಮದ್ದನ್ನು ಕಣ್ಣಿನಿಂದ, ಮೂಗಿನಿಂದ, ಚಿಟಿಕೆ ಉರಿಸಿ ನೋಡುವುದರಿಂದ ಗುರುತು ಹಿಡಿಯುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ.

ಹೊಗೆರಹಿತ ಮದ್ದು ಹಳತಾಗಿ ಕೆಡುವ ರೀತಿಯೂ ಬೇರೆ. ಅದಕ್ಕೆ ಬೆರೆಸಿರುವ ಸ್ಥಿರಕಾರಿ (ಕೆಡದಂತೆ ತಡೆಯುವ ವಸ್ತು) ವರ್ಷಗಳು ಕಳೆದಂತೆ ಖರ್ಚಾಗುತ್ತದೆ. ಬಿಸಿಯಲ್ಲಿದ್ದರೆ ಇನ್ನೂ ಬೇಗ. ಆಮೇಲೆ ಮದ್ದು ಒಳಗೊಳಗೇ ಆಮ್ಲ ಬಿಡುತ್ತದೆ, ಕಾಳಿನ ಮೇಲೆ ತುಕ್ಕಿನಂಥ ಹುಡಿ ಕೂರುತ್ತದೆ, ಕೆಲವೊಮ್ಮೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದೂ ಉಂಟು. ನಮ್ಮ ಬಾಟಲಿಯ ತಗಡಿನ ಮುಚ್ಚಳ ಹೊರಗೆ ಚೆನ್ನಾಗಿಯೇ ಇತ್ತು. ತಿರುಗಿಸಿ ತೆಗೆದರೆ ಒಳಬದಿ ಪೂರ್ತಿ ತುಕ್ಕು, ಜೊತೆಗೆ ಹಳೆಯ ಬ್ಯಾಟರಿಯಂಥ ಹುಳಿ ವಾಸನೆ. ಮುಚ್ಚಳವನ್ನು ಬಿಗಿ ಮಾಡದೆ ಮೆಲ್ಲಗೆ ಮೇಲಿಟ್ಟೆ. ತೆಗೆದದ್ದೇ ತಪ್ಪು ಎಂದು ಚಿಕ್ಕಪ್ಪಯ್ಯ ಬೈದರು.

ಕರಿಮದ್ದು ಒಣಗಿದ್ದರೆ ನೂರು ವರ್ಷಕ್ಕೂ ಕೆಡದು. ಅದೇ ಅದರ ಅಪಾಯ. ಹಳೆಯದು, ಸತ್ತಿರಬಹುದು ಎಂದುಕೊಳ್ಳುವ ಹಾಗಿಲ್ಲ. ಒಂದು ಕಿಡಿ ಸಾಕು. ಕೇಪುಗಳೂ ಹಾಗೆಯೇ. ಎಣ್ಣೆಯಲ್ಲಿ ನೆನೆಸಿದರೆ ಸಾಯುತ್ತವೆ ಎಂಬ ಮಾತು ನಮ್ಮ ಕಡೆ ಚಾಲ್ತಿಯಲ್ಲಿದೆ. ಅದನ್ನು ನೆಚ್ಚಿಕೊಳ್ಳಬಾರದು. ನೆನೆದ ಕೇಪು ಒಣಗಿದ ಮೇಲೆ ಸಿಡಿಯಬಹುದು.

ಪೆಟ್ಟಿಗೆಯನ್ನು ಆ ದಿನವೇ ಒಲೆಯ ಮೇಲಿಂದ ಇಳಿಸಿದೆ. ಅಲುಗಾಡಿಸದೆ, ಮೊಬೈಲನ್ನು ಕೆಳಗಿಟ್ಟು, ಒಬ್ಬನೇ. ಮನೆಯಿಂದ ದೂರದ ಗೊಬ್ಬರದ ಕೊಟ್ಟಿಗೆ ಆಗ ಖಾಲಿಯಿತ್ತು. ಅಲ್ಲಿ ನೆರಳಿನಲ್ಲಿ ಮದ್ದು ಒಂದು ಮೂಲೆಗೆ, ಕೇಪಿನ ಡಬ್ಬಿ ಇನ್ನೊಂದು ಮೂಲೆಗೆ. ಕೇಪುಗಳನ್ನು ಬೇರೆ ಡಬ್ಬಿಗೆ ಸುರಿಯಲಿಲ್ಲ. ಬೀಗ ಹಾಕಿ ಠಾಣೆಗೆ ಫೋನು ಮಾಡಿದೆ. "ನೀವು ತರಬೇಡಿ, ಬಸ್ಸಿನಲ್ಲಂತೂ ಬೇಡವೇ ಬೇಡ, ನಾವೇ ಬರುತ್ತೇವೆ" ಎಂದರು. ಮೂರನೆಯ ದಿನ ಬಂದು ಪಟ್ಟಿ ಮಾಡಿ ಒಯ್ದರು. ಅಷ್ಟರೊಳಗೆ ಹೊಳೆಗೆ ಎಸೆ, ಗುಂಡಿ ತೋಡಿ ಹೂಳು, ಬಯಲಲ್ಲಿ ಸುಡು ಎಂಬ ಸಲಹೆಗಳು ನಾಲ್ಕು ಮನೆಯಿಂದ ಬಂದಿದ್ದವು. ಹೊಗೆರಹಿತ ಮದ್ದು ನೀರಿಗೆ ಹಾಳಾಗುವುದಿಲ್ಲ, ಒಣಗಿದರೆ ಮತ್ತೆ ಉರಿಯುತ್ತದೆ. ಹೂತರೆ ಮುಂದೊಂದು ದಿನ ಯಾರದೋ ಗುದ್ದಲಿಗೆ ಸಿಗುತ್ತದೆ.

ಕಾನೂನಿನ ಭಯವೂ ಇತ್ತು. 1959ರ ಆಯುಧ ಕಾಯ್ದೆಯಲ್ಲಿ ಕೋವಿಯಷ್ಟೇ ಅಲ್ಲ, ಮದ್ದುಗುಂಡಿಗೂ ಲೈಸೆನ್ಸ್ ಬೇಕು. ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ. ಕೊಡಗಿನಲ್ಲಿ ಕೆಲವರಿಗಿರುವ, ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ನಮಗಿಲ್ಲ. ಅಪ್ಪಯ್ಯ ಹೋದ ದಿನದಿಂದ ಆ ಪೆಟ್ಟಿಗೆ ಯಾರ ಹೆಸರಿನಲ್ಲೂ ಇರಲಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ ಎಪ್ಪತ್ತು ವರ್ಷ ತುಂಬಿದರೆ, ಇಲ್ಲವೇ ಕೋವಿ ಅವರ ಬಳಿ ಇಪ್ಪತ್ತೈದು ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಗೊತ್ತಿದ್ದರೆ ಅಪ್ಪಯ್ಯನನ್ನೇ ಎದುರು ಕೂರಿಸಿಕೊಂಡು ಬಾಟಲಿಯ ಚರಿತ್ರೆ ಕೇಳಬಹುದಿತ್ತು.

ಅವರು ಅಜಾಗರೂಕ ಮನುಷ್ಯರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನಾನು ಕಾಲೇಜಿನಲ್ಲಿದ್ದಾಗ ಒಂದು ರಾತ್ರಿ ಗದ್ದೆಗೆ ಹಂದಿ ನುಗ್ಗಿತ್ತು. ಬೆದರಿಸಲೆಂದು ಅಪ್ಪಯ್ಯ, ತಾವೇ ತುಂಬಿದ್ದ ತೋಟೆ ಹಾಕಿ ಟ್ರಿಗರ್ ಒತ್ತಿದರು. ಢಂ ಎನ್ನಬೇಕಾದದ್ದು ಠುಸ್ ಎಂದಿತು. ನಾನು ಇನ್ನೊಂದು ತೋಟೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ನಳಿಗೆಯನ್ನು ಖಾಲಿ ಗದ್ದೆಯ ಕಡೆಗೇ ಹಿಡಿದುಕೊಂಡು ಒಂದು ನಿಮಿಷ ಹಾಗೆಯೇ ನಿಂತರು. ಮದ್ದು ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಆಮೇಲೆ ಕೋವಿಯನ್ನು ನಡುವೆ ಮಡಚಿ ತೆರೆದು, ತೋಟೆ ತೆಗೆದು, ಹಿಂಬದಿಯಿಂದ ನನಗೆ ತೋರಿಸಿದರು. ಆಚೆ ಹಿಡಿದ ಟಾರ್ಚಿನ ಬೆಳಕು ಈಚೆ ಬರಲಿಲ್ಲ. ಬಿರಡೆ (ಮದ್ದಿಗೂ ಚರೆಗೂ ನಡುವಿನ ಅಡ್ಡೆ), ಚರೆ ಎರಡೂ ನಳಿಗೆಯ ನಡುವೆ ಸಿಕ್ಕಿಕೊಂಡಿದ್ದವು. ಅದರ ಹಿಂದೆ ನಾನು ಚಾಚಿದ ತೋಟೆ ಹಾರಿದ್ದರೆ ನಳಿಗೆ ಬಾಳೆಹೂವಿನಂತೆ ಬಿಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಅಡಿಕೆ ದಬ್ಬೆಯನ್ನು ನಯವಾಗಿ ಹೆರೆದು ಅದನ್ನು ಹೊರಗೆ ನೂಕಿದರು. ಅಂದಿನಿಂದ ತೋಟೆ ತುಂಬುವುದನ್ನೇ ಬಿಟ್ಟರು, ಸಾಮಾನನ್ನು ಮಾತ್ರ ಬಿಸಾಡಲಿಲ್ಲ.

ಕಾಗದದ ತೋಟೆಗಳು ನಮ್ಮ ಶೀತಕ್ಕೆ ಉಬ್ಬಿದ್ದವು, ಹಿತ್ತಾಳೆಯ ತೋಟೆಗಳ ಬಾಯಲ್ಲಿ ಕೂದಲೆಳೆಯಷ್ಟು ಬಿರುಕು. ಎರಡೂ ಠಾಣೆಯ ಪಟ್ಟಿಗೆ ಸೇರಿದವು. ಚರೆ ಮತ್ತು ಕೈಸಾಧನವನ್ನು ಕೇಳಿದರೆ ಬಿಟ್ಟು ಹೋಗುತ್ತಿದ್ದರೇನೋ. ನಾನು ಕೇಳಲಿಲ್ಲ. ಹಳೆಯ ಸೀಸದ ಚರೆಯ ಮೇಲಿನ ಬಿಳಿ ಹುಡಿ ವಿಷ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಬೇಕು.

ಮರುವರ್ಷ ಲೈಸೆನ್ಸ್ ಬಂತು, ಕೋವಿಯೂ ಮನೆಗೆ ಬಂತು. ತೋಟೆ ಕೊಳ್ಳುವ ಮುಂಚೆ ಕೋವಿಯನ್ನು ಬಲ್ಲವರಿಗೆ ತೋರಿಸಿದೆ. ಅದರ ಮನೆ, ಅಂದರೆ ತೋಟೆ ಕೂರುವ ಜಾಗ, ಎರಡೂವರೆ ಇಂಚಿನದು. ಎರಡೂ ಮುಕ್ಕಾಲು ಇಂಚಿನ ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಮಡಿಸಿದ ಬಾಯಿ ಬಿಚ್ಚಿಕೊಳ್ಳುವುದು ಹಾರುವಾಗ. ಆಗ ಜಾಗ ಸಾಲದೆ ಒತ್ತಡ ಏರುತ್ತದೆ. ಕೂರುತ್ತದೆ ಅಂದರೆ ಸರಿಹೊಂದುತ್ತದೆ ಎಂದಲ್ಲ. ಈಗ ಕಾರ್ಖಾನೆಯ ತೋಟೆಯನ್ನಷ್ಟೇ, ಉದ್ದ ನೋಡಿ, ಬಿಲ್ಲು ಪಡೆದು ತರುತ್ತೇನೆ. ಅವು ಇರುವುದು ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿ, ಒಲೆಯಿಂದ ಮೂರು ಕೋಣೆ ಆಚೆಗೆ.

ಖಾಲಿ ಪೆಟ್ಟಿಗೆಯನ್ನು ಹಪ್ಪಳ ಇಡಲು ಅಮ್ಮ ಕೇಳಿದಳು. ಸಂದಿಗಳಲ್ಲಿ ಸೀಸದ ಹುಡಿ ಉಳಿದಿರುತ್ತದೆ ಎಂದು ಕೊಡಲಿಲ್ಲ. ಈಗ ಅದರಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಗನ್ನಿನ ನಾಜಲ್‌ಗಳಿವೆ.