ಚಂದ್ರಗಿರಿ ಅಳಿವೆಯಲ್ಲಿ ಸಂಜೆ ಒಬ್ಬರೇ ಹಾಯಿ ಬಿಚ್ಚುವುದಾದರೆ

ಶಾಲೆ ಬಿಡುವುದು ನಾಲ್ಕಕ್ಕೆ. ನಾಲ್ಕೂವರೆಗೆ ನಾನು ತಳಂಗರೆ ಬದಿಯ ನೀರಂಚಿನಲ್ಲಿ ಇರುತ್ತೇನೆ. ಡಿಸೆಂಬರ್ ಸುರುವಿನಲ್ಲಿ ನಮ್ಮ ಕಾಸರಗೋಡಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ಐದು ನಿಮಿಷದ ಹೊತ್ತಿಗೆ, ಫೆಬ್ರವರಿಯಲ್ಲಿ ಆರೂವರೆ ದಾಟುತ್ತದೆ. ಅಷ್ಟರೊಳಗೆ ಹೋಗಿ ಬರಬೇಕು. ಹೋಗುವುದಕ್ಕೆ ಹೆಚ್ಚೇನೂ ಕಷ್ಟವಿಲ್ಲ. ವಾಪಸು ಬರುವ ಲೆಕ್ಕವನ್ನು ಮಾತ್ರ ಮನೆಯಲ್ಲೇ ಹಾಕಿ ಹೊರಡಬೇಕು.

ನನ್ನದು ಲೇಸರ್ ಎಂಬ ಮಾದರಿಯ ಹಳೆಯ ಹಾಯಿದೋಣಿ. 4.23 ಮೀಟರ್ ಉದ್ದ, ಬರೀ ಒಡಲಿನ ತೂಕ 59 ಕಿಲೋ, ಒಂದೇ ಹಾಯಿ. ಒಬ್ಬರು ನಡೆಸಲೆಂದೇ ಮಾಡಿದ್ದು. ಎರಡು ಗಾಲಿಯ ಕೈಗಾಡಿ ಇದ್ದರೆ ಒಬ್ಬಳೇ ನೀರಿಗಿಳಿಸಬಹುದು. ಹಾಯಿಯ ಅಂಚಿನಲ್ಲಿ ಅಂಗಿಯ ತೋಳಿನ ಹಾಗೆ ಹೊಲಿದಿರುತ್ತದೆ, ಕಂಬವನ್ನು ಅದರೊಳಗೆ ತೂರಿಸಿ ನಿಲ್ಲಿಸುವುದು. ಗಾಳಿ ಜೋರು ಅನ್ನಿಸಿದ ದಿನ ಹಾಯಿಯನ್ನು ಕಂಬಕ್ಕೆ ಒಂದೆರಡು ಸುತ್ತು ಸುತ್ತಿ ಚಿಕ್ಕದು ಮಾಡಿಕೊಳ್ಳಿ. ದಡದಲ್ಲೇ ಮಾಡಿ, ನೀರಿನ ಮೇಲೆ ಒಬ್ಬರಿಗೆ ಅದು ಸಲೀಸಲ್ಲ.

ಇನ್ನು ಲೆಕ್ಕ. ಮಳೆಗಾಲ ಬಿಡಿ, ಆಗ ನೀರಿಗಿಳಿಯುವ ಮಾತೇ ಇಲ್ಲ. ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನ ನೆಲ ಕಾದಮೇಲೆ ಪಡುವಣದಿಂದ, ವಾಯವ್ಯದಿಂದ ಕಡಲಗಾಳಿ ಬರುತ್ತದೆ. ಮೂರು ನಾಲ್ಕು ಗಂಟೆಗೆ ಅದರ ಜೋರು. ಹೊತ್ತು ಇಳಿದ ಹಾಗೆ ಅದೂ ಇಳಿಯುತ್ತದೆ, ರಾತ್ರಿ ತಿರುಗಿ ನೆಲದ ಕಡೆಯಿಂದ ಬೀಸುತ್ತದೆ. ನಡುವೆ ಒಂದಷ್ಟು ಹೊತ್ತು ಗಾಳಿಯೇ ಇಲ್ಲ. ಆಗ ನಿಮ್ಮನ್ನು ಎಲ್ಲಿಗೆ ಒಯ್ಯಬೇಕೆಂದು ತೀರ್ಮಾನಿಸುವುದು ಹೊಳೆಯ ನೀರು. ಭರತವಿದ್ದರೆ ಒಳಗೆ, ಮನೆಯ ಕಡೆಗೆ. ಇಳಿತವಿದ್ದರೆ ಅಳಿವೆಯ ಬಾಯಿಗೆ, ಅಲೆ ಒಡೆಯುವ ಮರಳದಿಣ್ಣೆಯ ಮೇಲಕ್ಕೆ. ಹಾಗಾಗಿ ಮುಳುಗುವ ಹೊತ್ತಿಗೆ ನೀರು ಏರುತ್ತಿರುವ ದಿನ ಮಾತ್ರ ಹೋಗಿ. ಭರತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ಪ್ರತಿ ಹದಿನೈದು ದಿನಕ್ಕೊಮ್ಮೆ ಅಂಥ ಆರೇಳು ಸಂಜೆಗಳು ಸಿಗುತ್ತವೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅವಕ್ಕೆ ಹಸಿರು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ. ಒಂದು ಎಚ್ಚರ: ಭರತ ಇಳಿತದ ಸಮಯದ ಪಟ್ಟಿಯಲ್ಲಿ ಇಳಿತ ಮುಗಿಯಿತು ಎಂದಿದ್ದರೂ ಹೊಳೆಯೊಳಗೆ ನೀರು ಇನ್ನೂ ಸ್ವಲ್ಪ ಹೊತ್ತು ಹೊರಗೇ ಹರಿಯುತ್ತಿರುತ್ತದೆ. ಪಟ್ಟಿಯನ್ನು ನಂಬಿ ಕೂರಬೇಡಿ, ಬಲೆಯ ಗೂಟದ ಬುಡ ನೋಡಿ. ನೀರಿನ ಗೀರು ಗೂಟದ ಯಾವ ಬದಿಗೆ ಎಳೆಯುತ್ತಿದೆಯೋ ಅದೇ ಹರಿವಿನ ದಿಕ್ಕು.

ಇದನ್ನು ಕಲಿತದ್ದು ಒಂದು ಜನವರಿಯ ಸಂಜೆ. ಇಳಿತದ ದಿನವೆಂದು ಗೊತ್ತಿದ್ದೂ ಗಾಳಿ ಚೆನ್ನಾಗಿದೆಯಲ್ಲ ಎಂದು ಹೊರಟೆ. ಹಾಯಿಗೆ ಕಟ್ಟಿದ ಉಲ್ಲನ್ ನೂಲಿನ ತುಂಡುಗಳು ಅಡ್ಡಕ್ಕೆ ಹಾರುತ್ತಿದ್ದವು, ನೋಡುತ್ತಿದ್ದ ಹಾಗೆ ಒಂದು ತುಂಡು ತಗ್ಗಿತು, ಆಮೇಲೆ ಇನ್ನೊಂದು, ಕೊನೆಗೆ ಎರಡೂ ಬಟ್ಟೆಗೆ ಅಂಟಿಕೊಂಡು ಸುಮ್ಮನಾದವು. ದಡದ ತೆಂಗಿನ ಗರಿಯೂ ಅಲುಗಲಿಲ್ಲ. ದೋಣಿ ಮಾತ್ರ ಸದ್ದಿಲ್ಲದೆ ಪಡುವಣಕ್ಕೆ ಜಾರುತ್ತಿತ್ತು. ಚಿಕ್ಕ ಲಂಗರು ಬಿಟ್ಟೆ, ಹಗ್ಗ ಬಿಗಿಯಾಯಿತು, ನಿಂತೆ. ಕೈಗಳು ನಡುಗುತ್ತಿದ್ದವು. ಬಲೆ ಎಳೆದು ಬರುತ್ತಿದ್ದ ಅಜ್ಜ ಒಬ್ಬರು ತಮ್ಮ ದೋಣಿ ಪಕ್ಕಕ್ಕೆ ತಂದು, “ಟೀಚರೇ, ಕಾಟ್ಟ್ ಪೋಯಿ” ಎಂದರು. ಗಾಳಿ ಹೋಯಿತು ಎಂದಷ್ಟೇ. ಬೈಯಲಿಲ್ಲ, ಹಗ್ಗ ಕೊಡಿ ಎಂದು ಕೈ ಚಾಚಿದರು. ಅಂದಿನಿಂದ ಲಂಗರು, ಇಪ್ಪತ್ತು ಮೀಟರ್ ಹಗ್ಗ, ಒಂದು ಹುಟ್ಟು, ಈ ಮೂರು ಇಲ್ಲದೆ ನಾನು ದಡ ಬಿಟ್ಟಿಲ್ಲ.

ಹೊರಟ ಮೇಲೆ ಮೊದಲು ಗಾಳಿಗೆ ಎದುರಾಗಿ, ಅಂದರೆ ಅಳಿವೆಯ ಕಡೆಗೆ ಹೋಗಿ. ನೇರ ಹೋಗಲಾಗದು, ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬಾಯಿ ದೂರದಲ್ಲಿ ಕಾಣುವಷ್ಟರಲ್ಲೇ ತಿರುಗಿ, ಸೂರ್ಯ ಮುಳುಗಲು ಮುಕ್ಕಾಲು ಗಂಟೆ ಇರುವಾಗ. ಬರುವಾಗ ಗಾಳಿ ಬೆನ್ನಿಗಿರುತ್ತದೆ, ಹಿತವಾಗಿರುತ್ತದೆ, ಅಲ್ಲೇ ಮೈಮರೆಯುವುದು. ಬೆನ್ನುಗಾಳಿಯಲ್ಲಿ ಹಾಯಿ ಪಕ್ಕ ಬದಲಿಸುವಾಗ ಅದರ ಕೆಳಗಿನ ಅಡ್ಡಕಂಬ ತಲೆಯ ಮಟ್ಟದಲ್ಲಿ ರಭಸವಾಗಿ ಬೀಸಿ ಬರುತ್ತದೆ. ಬಗ್ಗಿ, ಹಗ್ಗ ಕೈಯಲ್ಲಿ ಹಿಡಿದೇ ತಿರುಗಿಸಿ. ಸೇತುವೆಗಳ ಕೆಳಗೆ ನುಗ್ಗುವ ಆಸೆ ಬೇಡ, ಕಂಬ ಎತ್ತರವಿದೆ.

ದೋಣಿ ಮಗುಚುವುದು ಸಹಜ. ಗಾಬರಿ ಬೇಡ, ದೋಣಿಯನ್ನು ಬಿಟ್ಟು ಈಜಲೂ ಬೇಡ. ಹಾಯಿಯ ಹಗ್ಗ ಸಡಿಲಿಸಿ, ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ, ತಳದಿಂದ ಹೊರಚಾಚಿದ ನಡುಹಲಗೆಯ ಮೇಲೆ ನಿಂತು ಅಂಚು ಹಿಡಿದು ಹಿಂದಕ್ಕೆ ಭಾರ ಹಾಕಿ. ಮೆಲ್ಲನೆ ಏಳುತ್ತದೆ. ಒಬ್ಬರೇ ಹೋಗುವ ಮೊದಲು ದಡದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು ಇದನ್ನು ಹತ್ತು ಸಲ ಮಾಡಿ. ಲೈಫ್ ಜಾಕೆಟ್ ತೊಟ್ಟಿರಲೇಬೇಕು, ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು. ಕಾಲಿಗೆ ದಪ್ಪ ತಳದ ಶೂ, ಮರುವಾಯಿ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಕತ್ತಲಾದರೆ ಟಾರ್ಚ್. 7 ಮೀಟರಿಗಿಂತ ಚಿಕ್ಕ ಹಾಯಿದೋಣಿಗೆ ದೀಪ ಕಟ್ಟಲು ಆಗದಿದ್ದರೆ ಟಾರ್ಚನ್ನಾದರೂ ಕೈಯಲ್ಲಿ ಸಿದ್ಧವಿಟ್ಟುಕೊಳ್ಳಬೇಕೆಂದು ಅಂತರರಾಷ್ಟ್ರೀಯ ಸಮುದ್ರ ನಿಯಮವೇ ಹೇಳುತ್ತದೆ. ಮೀನಿನ ಬೋಟಿನ ಸದ್ದು ಹತ್ತಿರ ಬಂದರೆ ಬೆಳಕನ್ನು ಅವರ ಕಣ್ಣಿಗೆ ಬಿಡಬೇಡಿ, ನಿಮ್ಮ ಬಿಳಿ ಹಾಯಿಯ ಮೇಲೆ ಬಿಡಿ. ದೂರದಿಂದಲೇ ಕಾಣುತ್ತದೆ. ಅವರ ದಾರಿ ಬಿಟ್ಟುಕೊಡಿ, ಅವರದು ದುಡಿಮೆ.

ದಡಕ್ಕೆ ಬಂದಮೇಲೆ ಎರಡು ಕೊಡ ಸಿಹಿನೀರು ಹೊಯ್ದು ರಾಟೆಗಳ ಉಪ್ಪು ತೊಳೆಯಿರಿ, ಹಾಯಿಯನ್ನು ಒದ್ದೆಯಾಗಿ ಮಡಚಬೇಡಿ. ಅದಕ್ಕೂ ಮೊದಲು ಫೋನ್. ಏಳು ಗಂಟೆಯೊಳಗೆ ನನ್ನ ಕರೆ ಬರದಿದ್ದರೆ ತಮ್ಮ ಬೈಕ್ ಹತ್ತಿ ತಳಂಗರೆಗೆ ಹೊರಡುವನು. ಒದ್ದೆ ಕೈಯಲ್ಲೇ ಒತ್ತಿ, “ಬಂದೆ ಮಾರಾಯ, ಗಂಜಿ ಬಿಸಿಗಿಡು” ಎನ್ನುತ್ತೇನೆ.