ಒಂದೇ ಒಲೆ, ಮೂರು ಬೋರ್ಡು: ಬಳ್ಳಾರಿಯಲ್ಲಿ ಕ್ಲೌಡ್ ಕಿಚನ್ ಶುರು ಮಾಡುವುದು ಹೇಗೆ?

ಟೇಬಲ್ ಇಲ್ಲ, ಕುರ್ಚಿ ಇಲ್ಲ, ರಸ್ತೆಗೆ ಕಾಣುವ ಬೋರ್ಡೂ ಇಲ್ಲ. ಇದೇ ಕ್ಲೌಡ್ ಕಿಚನ್. ಗಿರಾಕಿಗೆ ಈ ಹೋಟೆಲ್, ಅದರ ಹೆಸರಿನ ಬೋರ್ಡು ಕಾಣುವುದು ಮೊಬೈಲ್‌ನಲ್ಲಿ ಮಾತ್ರ. ಪುಣೆಯಲ್ಲಿ ಫಾಸೋಸ್ ಹೆಸರಲ್ಲಿ ರೋಲ್ ಮಾರುತ್ತಿದ್ದ ಕಂಪನಿಯೇ ಇವತ್ತಿನ ರೆಬೆಲ್ ಫುಡ್ಸ್. ಬೆಹ್ರೂಜ್ ಬಿರಿಯಾನಿ, ಓವನ್ ಸ್ಟೋರಿ ಪಿಜ್ಜಾ ಎರಡೂ ಅದರವೇ. ಎರಡು ಹೋಟೆಲ್ ಅಂದುಕೊಂಡು ನಾವು ತರಿಸಿದ ಊಟ ಒಂದೇ ಅಡುಗೆಮನೆಯಿಂದ ಬಂದಿರಬಹುದು. ಬಳ್ಳಾರಿಯ ಓಣಿಯೊಂದರಲ್ಲೂ ಇದನ್ನು ಮಾಡಬಹುದು. ಬೆಂಗಳೂರಿನ ಮೆನು ಹಾಗೇ ಎತ್ತಿಕೊಂಡು ಬರಬಾರದು, ಅಷ್ಟೇ.

ಮೊದಲು ಜಾಗ

ಮೇನ್ ರೋಡಿನ ಬಾಡಿಗೆ ಇಲ್ಲಿ ದಂಡ. ಒಳಗಿನ ಓಣಿ ಸಾಕು, ಆದರೆ ಬೈಕ್ ಬಾಗಿಲ ತನಕ ಬರಬೇಕು. ಆಸ್ಪತ್ರೆ, ಹಾಸ್ಟೆಲ್, ಪಿಜಿ ಇರುವ ಏರಿಯಾ ಹತ್ತಿರವಿದ್ದರೆ ಒಳ್ಳೆಯದು. ನಡುವೆ ರೈಲ್ವೆ ಗೇಟ್ ಬೀಳುತ್ತದಾ ನೋಡಿ. ಮ್ಯಾಪ್‌ನಲ್ಲಿ ಎರಡು ಕಿಲೋಮೀಟರ್ ಅಂತ ಇದ್ದರೂ ಗೇಟ್ ಹಾಕಿದಾಗ ಬಿರಿಯಾನಿ ಅಲ್ಲೇ ಬಿಸಿಲಲ್ಲಿ ನಿಂತಿರುತ್ತದೆ.

ಆಮೇಲೆ ಕಾಗದಪತ್ರ

ಆಹಾರ ಪರವಾನಗಿ ಕೊಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅಲ್ಲಿ ಸಿಗುವ 14 ಅಂಕಿಯ ನಂಬರ್ ಇಲ್ಲದೆ ಸ್ವಿಗ್ಗಿ, ಜೊಮ್ಯಾಟೊದಂಥ ಊಟ ತಲುಪಿಸುವ ಆ್ಯಪ್‌ಗಳು ಸೇರಿಸಿಕೊಳ್ಳುವುದಿಲ್ಲ. ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ, ಜೆಸ್ಕಾಂನ ಕಮರ್ಷಿಯಲ್ ಮೀಟರ್, 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ಬೇಕು. ಮನೆಯ ಸಿಲಿಂಡರ್ ತಂದು ಒಲೆ ಹಚ್ಚಿದರೆ ಕಾನೂನಿನ ಪ್ರಕಾರ ತಪ್ಪು. ಇಟ್ಟುಕೊಂಡ ಹೆಸರನ್ನು ಬೇರೆ ಯಾರಾದರೂ ಟ್ರೇಡ್‌ಮಾರ್ಕ್ ಮಾಡಿಸಿದ್ದಾರಾ ಅಂತ 43ನೇ ವರ್ಗದಲ್ಲಿ ಹುಡುಕಿ. ಹೋಟೆಲ್ ಹೆಸರುಗಳು ಬರುವುದು ಅಲ್ಲೇ.

ಮೆನು: ಪ್ರಯಾಣ ತಾಳುವ ತಿಂಡಿ ಮಾತ್ರ

ನನ್ನ ಪ್ರಕಾರ ಗೆಲ್ಲುವುದು, ಸೋಲುವುದು ಇಲ್ಲೇ. ರುಚಿ ನೋಡುವುದನ್ನು ಒಲೆ ಪಕ್ಕದಲ್ಲಿ ಮಾಡಬೇಡಿ. ಪ್ಯಾಕ್ ಮಾಡಿ, ಅರ್ಧ ಗಂಟೆ ಬೈಕ್ ಮೇಲೆ ಸುತ್ತಿಸಿ, ಆಮೇಲೆ ಬಿಚ್ಚಿ ತಿನ್ನಿ. ಏಪ್ರಿಲ್ ಮಧ್ಯಾಹ್ನವಾದರೆ ಇನ್ನೂ ಒಳ್ಳೆಯದು.

ನಮ್ಮ ಉಗ್ಗಾಣಿ-ಬಜ್ಜಿಯನ್ನೇ ತಗೊಳ್ಳಿ. ಉಗ್ಗಾಣಿ ಹೇಗೂ ನೆನೆಸಿದ ಮಂಡಕ್ಕಿ, ದಾರಿಯಲ್ಲಿ ಅದಕ್ಕೇನೂ ಆಗುವುದಿಲ್ಲ. ಬಜ್ಜಿಯದ್ದು ಹಾಗಲ್ಲ. ಬಾಣಲೆಯಿಂದ ತೆಗೆದು ನೇರ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಹಬೆ ಮುಚ್ಚಳಕ್ಕೆ ಬಡಿದು ನೀರಾಗಿ ಮತ್ತೆ ಬಜ್ಜಿ ಮೇಲೇ ಬೀಳುತ್ತದೆ. ಹಿಟ್ಟು ಮೆತ್ತಗಾಗಿ ಮೆಣಸಿನಕಾಯಿಯಿಂದ ಕಳಚಿಕೊಳ್ಳುತ್ತದೆ. ಎರಡು ನಿಮಿಷ ಜಾಲರಿ ಮೇಲೆ ಬಿಟ್ಟು, ತೂತಿರುವ ಕಾಗದದ ಡಬ್ಬಿಯಲ್ಲಿ ಉಗ್ಗಾಣಿಯಿಂದ ಬೇರೆಯಾಗಿ ಕೊಡಿ. ಹಾಗೆ ಮಾಡಿದರೂ ದೂರದ ಆರ್ಡರ್‌ಗೆ ಬಜ್ಜಿ ಬೇಡ.

ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿಗೆ ಈ ತಂಟೆಯೇ ಇಲ್ಲ. ರೊಟ್ಟಿಯನ್ನು ಮನೆಯಲ್ಲಿ ಬಡಿದು ಮಾರುವ ಹೆಂಗಸರಿಂದಲೇ ಕೊಳ್ಳಬಹುದು. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಲಿ. ಬಳ್ಳಾರಿ ಬೇಸಿಗೆಯಲ್ಲಿ ಮಾಡಿಟ್ಟ ಅನ್ನವನ್ನು ಸುಮ್ನೆ ಹೊರಗೆ ಬಿಡುವ ಹಾಗಿಲ್ಲ.

ಬೆಲೆ ಕಟ್ಟುವುದು

ಒಂದು ಉದಾಹರಣೆ. ಬಿರಿಯಾನಿ ಬೆಲೆ ₹200 ಅಂತಿಟ್ಟುಕೊಳ್ಳಿ. ಆ್ಯಪ್‌ನವರ ಕಮಿಷನ್ ಶೇ 25 ಆದರೆ ₹50 ಹೋಯಿತು. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, ಅಂದರೆ ₹9. ಅಕ್ಕಿ, ಚಿಕನ್, ಎಣ್ಣೆ, ಮಸಾಲೆಗೆ ₹70, ಡಬ್ಬಿಗೆ ₹12. ಉಳಿದದ್ದು ₹59. ಬಾಡಿಗೆ, ಅಡುಗೆಯವರ ಸಂಬಳ, ಗ್ಯಾಸ್, ಕರೆಂಟು ಎಲ್ಲ ಇದರಲ್ಲೇ ಆಗಬೇಕು. ಈಗ ನಿಮ್ಮ ಕೈಯಿಂದ ₹40 ಆಫರ್ ಕೊಡಿ. ಕಮಿಷನ್ ₹160ರ ಮೇಲೆ ಹಾಕಿದರೂ ಉಳಿಯುವುದು ₹30.80. ಆರ್ಡರ್ ಜಾಸ್ತಿ ಬಂತು ಅಂತ ಖುಷಿಪಡುವ ಮೊದಲು ಈ ಲೆಕ್ಕ ನೋಡಬೇಕು ಅಲ್ವಾ? ಆಫರ್ ದುಡ್ಡು ಆ್ಯಪ್‌ನವರದ್ದೋ ನಿಮ್ಮದೋ ಅಂತ ಒಪ್ಪಂದ ಓದಿಯೇ ಸಹಿ ಹಾಕಿ.

ಊಟದ ಮೇಲಿನ ಶೇ 5 ಜಿಎಸ್‌ಟಿ ತಲೆನೋವು ನಿಮಗಿಲ್ಲ. ಆ್ಯಪ್ ಮೂಲಕ ಬಂದ ಆರ್ಡರ್‌ಗೆ 2022ರ ಜನವರಿ 1ರಿಂದ ಅದನ್ನು ಆ್ಯಪ್ ಕಂಪನಿಯೇ ಕಟ್ಟುತ್ತದೆ.

ಎರಡನೇ ಬೋರ್ಡು ಯಾವಾಗ?

ಮೊದಲನೆಯದು ತನ್ನ ಬಾಡಿಗೆ ತಾನು ದುಡಿದ ಮೇಲೆ. ಹೊಸ ಬ್ರ್ಯಾಂಡ್‌ಗೆ ಹೊಸ ಸಾಮಾನು ತರಬೇಡಿ. ಬಿರಿಯಾನಿಗೆ ಹೆಚ್ಚುವ ಈರುಳ್ಳಿ, ಅದೇ ಚಿಕನ್, ಅದೇ ಮೊಸರಿನಿಂದ ರೋಲ್ ಆಗುತ್ತದೆ. ಬೆಳಿಗ್ಗೆ ಒಲೆ ಖಾಲಿ ಇದ್ದರೆ ಉಗ್ಗಾಣಿಗೆ ಒಂದು ಹೆಸರು, ಮಧ್ಯಾಹ್ನ ರೊಟ್ಟಿ ಊಟಕ್ಕೆ ಇನ್ನೊಂದು, ರಾತ್ರಿ ಬಿರಿಯಾನಿಗೆ ಮತ್ತೊಂದು. ‘ಶುದ್ಧ ಸಸ್ಯಾಹಾರಿ’ ಅಂತ ಬರೆಯುವುದಾದರೆ ಮಾತ್ರ ಪಾತ್ರೆ, ಒಲೆ, ಅಡುಗೆಮನೆ ಎಲ್ಲ ಬೇರೆಯೇ ಇರಲಿ. ಇದರಲ್ಲಿ ಜಾಣತನ ನಡೆಯುವುದಿಲ್ಲ.

ಪ್ರತಿ ಪಾರ್ಸಲ್‌ನಲ್ಲಿ ನಿಮ್ಮ ಫೋನ್ ನಂಬರ್ ಇರುವ ಚೀಟಿ ಇಡಬಹುದಾ ಅಂತಲೂ ಆ್ಯಪ್‌ನವರ ಒಪ್ಪಂದದಲ್ಲೇ ನೋಡಿ. ಆಫೀಸು, ಹಾಸ್ಟೆಲ್‌ನವರನ್ನು ಮಾತ್ರ ನೀವೇ ಹೋಗಿ ಕೇಳಬಹುದು. ದಿನಾ 20 ಊಟ ನೇರವಾಗಿ ಗೊತ್ತುಮಾಡಿಕೊಂಡರೆ ಅಷ್ಟಕ್ಕೆ ಕಮಿಷನ್ ಇಲ್ಲ. ಆ ಬಿಲ್ಲಿನ ಜಿಎಸ್‌ಟಿ ಮಾತ್ರ ನಿಮ್ಮ ತಲೆ ಮೇಲೆ, ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ.